ಕಾಳೀತೀರದಲ್ಲಿ ಸಾಹಸದ ವ್ಯಾಪಾರ

ಸಾಹಸವೆಂಬ ಶಬ್ದಕ್ಕೆ ಈ ಕಾಲದಲ್ಲಿ ಬಂದಿರುವ ಮರ್ಯಾದೆಯು ಪೂರ್ವದಲ್ಲಿ ಇರಲಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಎಣಿಸುವಾಗ ಸಾಹಸವನ್ನು ಒಂದು ಅಪರಾಧದ ಹೆಸರಾಗಿಯೇ ಎಣಿಸಿರುವರು. ತೋಳಬಲವನ್ನು ನೆಚ್ಚಿ ಎದುರಿನವನ ಮೇಲೆ ಎರಗುವದು, ನಾಲ್ವರ ಕಣ್ಣೆದುರಿಗೆ ಪರರ ಸೊತ್ತನ್ನು ಕಿತ್ತುಕೊಳ್ಳುವದು, ಇವೇ ಸಾಹಸಗಳು. ತಪ್ಪಿನ ಗುರುತ್ವಕ್ಕೆ ತಕ್ಕಂತೆ ಪ್ರಥಮಸಾಹಸ, ಮಧ್ಯಮಸಾಹಸ, ಉತ್ತಮಸಾಹಸಗಳೆಂದು ದಂಡಗಳಿಗೂ ಅದೇ ಹೆಸರು. ಮನುವಿನ ಲೆಕ್ಕದಂತೆ ಅವು ಕ್ರಮವಾಗಿ 250, 500, 1000 ಪಣಗಳು. ಹೀಗೆ ಒಂದು ಕಾಲಕ್ಕೆ ದಂಡ ತೆರಬೇಕಾಗಿದ್ದ ಸಾಹಸಕ್ಕಾಗಿ ಈಗ ಜನರು ತಾವಾಗಿಯೇ ಹಣ ತೆತ್ತು, ಚೀಟಿ ಪಡೆದು, ಸರದಿಯಲ್ಲಿ ನಿಲ್ಲುವರು. ಶಬ್ದಗಳಿಗೂ ದೆಸೆ ತಿರುಗುವದುಂಟು.

ಈ ಮಾತು ನೆನಪಿಗೆ ಬಂದದ್ದಕ್ಕೆ ಕಾರಣವಿದೆ. ಭರತ ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಳಿಯಾಳದ ನಮ್ಮ ಮನೆಗೆ ಬಂದನು. ಗಣೇಶಗುಡಿಯ ಸಮೀಪದಲ್ಲಿ ಅವನಿಗೆ ತಾಯಿಯ ತವರಿನಿಂದ ಬಂದ ಎರಡು ಎಕರೆ ಭೂಮಿಯಿದೆ. ಅದರಲ್ಲಿ ನಾಲ್ಕು ಕೋಣೆಗಳನ್ನು ಕಟ್ಟಿ, ಬೆಂಗಳೂರು, ಪುಣೆ, ಗೋವೆಗಳಿಂದ ಬರುವವರನ್ನು ಇಳಿಸಿಕೊಂಡು, ಊಟ ಹಾಕಿ, ಹೊಳೆಯಲ್ಲಿ ತೇಲಿಸಿ, ಕಾಡು ಸುತ್ತಿಸಿ ಕಳುಹುವ ವಿಚಾರ ಅವನದು. “ಮಾಸ್ತರ, ಒಂದು ಛಲೋ ಹೆಸರು ಹುಡುಕಿ ಬೋರ್ಡು ಬರೆದುಕೊಡ್ರಿ” ಎಂದನು. ಚಹ ಕುಡಿದು ಏಳುವಾಗ ಮತ್ತೊಂದು ಮಾತನ್ನೂ ಮೆಲ್ಲಗೆ ಹೊರಗೆಡಹಿದನು. ಅದೇ ಭೂಮಿಯನ್ನು ಕೊಳ್ಳುವದಕ್ಕೆ ಪರಸ್ಥಳದ ಗೃಹಸ್ಥನೊಬ್ಬನು ಮುಂಗಡ ಹಿಡಿದುಕೊಂಡು ಕಾದಿರುವನಂತೆ. ಕೊಟ್ಟುಬಿಟ್ಟು ಅವನಲ್ಲಿಯೇ ಸಂಬಳಕ್ಕೆ ನಿಂತರೆ ತಲೆನೋವಿಲ್ಲವೆಂದು ನಾಲ್ವರು ಹೇಳುವರಂತೆ. “ಏನ ಮಾಡ್ಲಿ?” ಎಂದು ಕೇಳಿದನು. ಹೆಸರು ಹುಡುಕುವದು ವ್ಯಾಕರಣ ಓದಿದವನಿಗೆ ಕಷ್ಟವಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಹೋದಾಗ ಮಾತ್ರ, ಈ ಕಾಡುನಾಡಿಗೆ ಹೊರಗಿನವರು ಬಂದುಹೋದ ಚರಿತ್ರೆಯನ್ನೇ ಬಿಚ್ಚಿ ನೋಡಬೇಕಾಯಿತು.

ಮೊದಲು ಬಂದವರು ಯಾತ್ರಿಕರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದ ಮೇಲೆ ಶರಣರು ಪಶ್ಚಿಮದ ಕಾಡಿಗೆ ಬಂದರೆಂದೂ, ಬಸವಣ್ಣನವರ ಸೋದರಳಿಯರಾದ ಚನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರೆಂದೂ ಸಂಪ್ರದಾಯವಿದೆ. ಅಂದಿನಿಂದ ಧಾರವಾಡ, ಬೆಳಗಾವಿಗಳ ಬಯಲುಸೀಮೆಯ ಒಕ್ಕಲಿಗರಿಗೆ ಉಳವಿಯು ಯಾತ್ರಾಸ್ಥಳವಾಗಿರುವದು. ಮಾಘದ ಹುಣ್ಣಿಮೆ ಸಮೀಪಿಸಿತೆಂದರೆ ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳ ಚಕ್ಕಡಿಗಳು ಸಾಲುಗಟ್ಟಿ ಈ ಹಾದಿಯಲ್ಲಿ ಹೊರಡುವದನ್ನು ಈಗಲೂ ನೋಡಬಹುದು. ರೊಟ್ಟಿ, ಚಟ್ನಿ, ಎತ್ತಿಗೆ ಹೊಟ್ಟು, ಎಲ್ಲವನ್ನೂ ಅವರು ಮನೆಯಿಂದಲೇ ಕಟ್ಟಿಕೊಂಡು ಬರುವರು. ದಾರಿಯ ಊರವರಿಂದ ಅವರು ಬಯಸುವದು ನೀರು, ನೆರಳು, ಒಂದು ರಾತ್ರಿಯ ಬಯಲು. ಕವಳದ ಗುಹೆಯೊಳಗೆ ತಾನಾಗಿ ಮೂಡಿದ ಕಲ್ಲಿನ ಲಿಂಗಕ್ಕೆ ಶಿವರಾತ್ರಿಯಲ್ಲಿ ನಡೆಯುವ ಜನರೂ ಇದೇ ಬಗೆಯವರು. ಕತ್ತಲೆಯ ಗುಹೆಯಲ್ಲಿ ನುಸುಳುವದು, ಕಾಡಿನಲ್ಲಿ ಹಾದಿ ನಡೆಯುವದು ಇವೆಲ್ಲ ಸಾಹಸವೇ ಸರಿ. ಆದರೆ ಅದಕ್ಕೆ ಆ ಹೆಸರನ್ನು ಅವರು ಕೊಟ್ಟವರಲ್ಲ.

ಇಲ್ಲೊಂದು ಚಿಕ್ಕ ಶಬ್ದವಿಚಾರವನ್ನು ವಾಚಕರು ಕ್ಷಮಿಸಬೇಕು. ತಿಥಿಯ ನಿಯಮವಿಲ್ಲದೆ ಬರುವವನೇ ಅತಿಥಿಯೆಂದು ಹಿರಿಯರ ವ್ಯುತ್ಪತ್ತಿ. ಆ ಪ್ರಕಾರ ನೋಡಿದರೆ ಹುಣ್ಣಿಮೆಯನ್ನು ಗೊತ್ತುಮಾಡಿಕೊಂಡು ಬರುವ ಉಳವಿಯ ಯಾತ್ರಿಕನು ಅತಿಥಿಯಲ್ಲ. ಎರಡು ತಿಂಗಳು ಮೊದಲೇ ಮೊಬೈಲಿನಲ್ಲಿ ದಿನವನ್ನೂ ಕೋಣೆಯನ್ನೂ ಹಿಡಿದಿಟ್ಟು ಬರುವ ಇಂದಿನವನಂತೂ ಅಲ್ಲವೇ ಅಲ್ಲ.

ಯಾತ್ರಿಕರ ತರುವಾಯ ಬಂದವರು ದಂಡಿನವರೂ ಅಧಿಕಾರಿಗಳೂ. ಹಳಿಯಾಳವು ಆಗ ಗಡಿಯ ಠಾಣೆ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ ಕಾಲದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ನಮ್ಮ ಊರಿನ ಹೆಸರು ಮತ್ತೆ ಮತ್ತೆ ಬರುವದು. ಹದಿನೈದು ವರ್ಷಗಳ ಮೇಲೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನೇ ಇವನೆಂದು ಮಕ್ಕಳಿಗೆ ಪಾಠ ಹೇಳುವಾಗ, ನಮ್ಮ ಕೋಟೆಯ ಕಲ್ಲುಗಳ ವಿಷಯದಲ್ಲಿ ಅವರಿಗೆ ಕ್ಷಣಮಾತ್ರ ಗೌರವ ಹುಟ್ಟುತ್ತಿತ್ತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಆಗಿನ ಸರಕಾರದ ಕಣ್ಣು ಬಿದ್ದದ್ದು ನಮ್ಮ ಸಾಗವಾನಿ ಮರಗಳ ಮೇಲೆ. ಮರದ ಹಿಂದೆ ಅರಣ್ಯ ಖಾತೆ, ಖಾತೆಯ ಹಿಂದೆ ಬಂಗಲೆ, ಬಂಗಲೆಯ ಹಿಂದೆ ಬೇಟೆಗೆ ಬರುವ ಸಾಹೇಬರು. ಬೇಟೆಯೂ ಸಾಹಸವೇ. ಆ ಸಾಹಸದಲ್ಲಿ ಊರವರ ಪಾಲೆಂದರೆ ಹೊರೆ ಹೊರುವದು, ತಮಟೆ ಬಡಿದು ಮೃಗವನ್ನು ಎಬ್ಬಿಸುವದು, ಸತ್ತ ಹುಲಿಯ ಪಕ್ಕದಲ್ಲಿ ಸಾಹೇಬನು ನಿಂತ ಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ಮಸಕಾಗಿ ಕಾಣುವದು. 1972ರ ವನ್ಯಜೀವಿ ಕಾಯಿದೆಯು ಬೇಟೆಗೆ ಮುಕ್ತಾಯ ಹಾಡಿತು. ಹಿಂದಿನ ಸಾಲು ಮಾತ್ರ ಮುಗಿಯಿತೋ ಇಲ್ಲವೋ ಎಂಬದನ್ನು ಮುಂದೆ ನೋಡುವಾ.

ಮರವನ್ನು ಸಾಗಿಸುವದಕ್ಕಾಗಿ ಆಳ್ನಾವರದಿಂದ ದಾಂಡೇಲಿಗೆ ಕಬ್ಬಿಣದ ಹಾದಿ ಬಂದಿತು. ಸ್ವಾತಂತ್ರ್ಯದ ನಂತರ ಕಾರಖಾನೆಗಳು ಬಂದವು. ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಯ ಸಂಸ್ಥೆಯು ಹುಟ್ಟಿದ್ದು 1955ರಲ್ಲಿ. ದಾಂಡೇಲಿಯ ಕಾಡನ್ನು ಅಭಯಾರಣ್ಯವೆಂದು ಸಾರಿದ್ದು 1956ರ ಮೇ ತಿಂಗಳಿನಲ್ಲಿ. ಬಿದಿರನ್ನು ಅರೆಯುವ ಯಂತ್ರವೂ ಬಿದಿರನ್ನು ಕಾಯುವ ಕಾಯಿದೆಯೂ ಒಂದೇ ವರ್ಷದ ಅಂತರದಲ್ಲಿ ಒಂದೇ ಊರಿಗೆ ಬಂದು ನೆಲೆಸಿದ್ದು ಈ ದೇಶದ ಆಡಳಿತದ ಸ್ವಭಾವವನ್ನು ಚೆನ್ನಾಗಿ ತೋರಿಸುವದು. ಪ್ಲೈವುಡ್, ಫೆರೋ ಅಲಾಯ್ಸ್ ಕಾರಖಾನೆಗಳೂ ಬಂದು ಬಹುಕಾಲ ನಡೆದವು. ಇತ್ತೀಚಿನವರೆಗೆ ಹಳಿಯಾಳ ತಾಲೂಕಿಗೇ ಸೇರಿದ್ದ ದಾಂಡೇಲಿಯು ದೇಶದ ನಾನಾ ಮೂಲೆಗಳ ಕೆಲಸಗಾರರ ಊರಾಯಿತು. ಕಾಗದದ ಕಾರಖಾನೆಯೊಂದು ಉಳಿದು, ಉಳಿದೆರಡು ಬಾಗಿಲು ಹಾಕಿದ ಮೇಲೆ ಊರಿನ ತರುಣರು ಬೇರೆ ದಾರಿ ಹುಡುಕಬೇಕಾಯಿತು. ಆ ದಾರಿಯು ಹೊಳೆಯಿಂದ ಬಂದಿತು. ಅದು ಹೇಗೆಂಬದನ್ನು ತಿಳಿಯಲು ಸೂಪಾದ ಕಥೆಯನ್ನು ಹೇಳಲೇಬೇಕು.

1883ರ ಮುಂಬಯಿ ಗ್ಯಾಝೆಟಿಯರಿನಲ್ಲಿ ಸೂಪಾ ಎಂಬದು ಒಂದು ಇಡೀ ತಾಲೂಕಿನ ಹೆಸರು. ಹಳಿಯಾಳವು ಅದರ ಕಚೇರಿಯ ಊರು. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿದ ಕಾಳಿಯು ಪಾಂಡರಿ ಎಂಬ ಹೊಳೆಯೊಡನೆ ಕೂಡುವ ಸಂಗಮದಲ್ಲಿ ಸೂಪಾ ಪೇಟೆಯಿತ್ತು. ಈಗ ಅದು ನೀರಿನ ಕೆಳಗಿದೆ. ಆ ಸಂಗಮದ ಕೆಳಗೆ, ಗಣೇಶಗುಡಿಯಲ್ಲಿ, 101 ಮೀಟರ ಎತ್ತರದ, 332 ಮೀಟರ ಉದ್ದದ ಕಾಂಕ್ರೀಟಿನ ಅಣೆಕಟ್ಟು ಎದ್ದು 1987ರಲ್ಲಿ ಪೂರ್ಣವಾಯಿತು. ಅದು ಹಿಡಿಯುವ ನೀರು ಸುಮಾರು 145 ಟಿ.ಎಂ.ಸಿ. ಕರ್ನಾಟಕದ ಎತ್ತರದ ಅಣೆಗಳಲ್ಲಿ ಅದೊಂದು. ಅದರ ಬುಡದಲ್ಲಿ ತಲಾ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಆದರೆ ಅವುಗಳಿಗಾಗಿ ಅಷ್ಟು ದೊಡ್ಡ ಅಣೆಯನ್ನು ಕಟ್ಟಿದ್ದಲ್ಲ. ಸೂಪಾವು ಕಣಜ, ಅಲ್ಲಿ ಕೂಡಿಟ್ಟ ಮಳೆಗಾಲದ ನೀರು ವರ್ಷವಿಡೀ ಅಳೆದು ಅಳೆದು ಕೆಳಗಿನ ಬೊಮ್ಮನಹಳ್ಳಿಯ ಅಣೆಗೆ ಬಂದು, ಅಲ್ಲಿಂದ ಸುರಂಗದ ಮಾರ್ಗವಾಗಿ ನಾಗಝರಿಯ ವಿದ್ಯುದಾಗಾರಕ್ಕೆ ಧುಮುಕುವದು. ರಾಜ್ಯದ ಎಷ್ಟೋ ಊರುಗಳ ದೀಪಗಳು ಈ ನೀರಿನಿಂದ ಬೆಳಗಿದವು.

ದೀಪ ಬೆಳಗಿದವರಿಗೆ ಸೂಪಾದ ನೆನಪಿಲ್ಲ. ಮನೆ, ದೇವಸ್ಥಾನ, ಗದ್ದೆ, ಪೇಟೆಯ ಸಾಲು ಎಲ್ಲವೂ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ತಾಲೂಕಿನ ಹೆಸರೂ ಕಾಲಕ್ರಮದಲ್ಲಿ ಜೋಯಿಡಾ ಎಂದೇ ಆಯಿತು. ಊರವರಲ್ಲಿ ಅನೇಕರನ್ನು ರಾಮನಗರವೆಂಬ ಹೊಸ ವಸತಿಗೆ ಒಯ್ದು ನೆಲೆಗೊಳಿಸಿದರು. ನನ್ನ ವಿದ್ಯಾರ್ಥಿಯ ತಂದೆಯು ಅವರಲ್ಲೊಬ್ಬನು. ಹೊಳೆಯ ಸಪ್ಪಳ ಕೇಳುತ್ತ ಬೆಳೆದವನಿಗೆ ಹೊಸ ಊರಿನಲ್ಲಿ ಬಹುಕಾಲ ರಾತ್ರಿ ನಿದ್ರೆ ಬರುತ್ತಿರಲಿಲ್ಲವಂತೆ.

ಈಗ ಹೊಳೆಯ ಸಾಹಸಕ್ಕೆ ಬರುವೆನು. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳ ಸ್ವಭಾವವು ಎಲ್ಲರಿಗೂ ಗೊತ್ತಿದ್ದದ್ದೇ. ಆಷಾಢ ಶ್ರಾವಣಗಳಲ್ಲಿ ಕಂಡವರು ಹೆದರುವಂತೆ ಉಕ್ಕುವವು. ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವವು. ರಬ್ಬರಿನ ತೆಪ್ಪವನ್ನು ತೇಲಿಸಲು ಎರಡೂ ಉಪಯೋಗವಿಲ್ಲ. ಇದಕ್ಕೆ ರಾಫ್ಟು ಎಂದೇ ಎಲ್ಲರೂ ಅನ್ನುವರು, ನಾನೂ ಹಾಗೆಯೇ ಅನ್ನುವೆನು. ನೀರು ಕಡಿಮೆಯಾದರೆ ಬಂಡೆಗೆ ಸಿಕ್ಕಿ ಕುಳಿತುಬಿಡುವದು; ಹೆಚ್ಚಾದರೆ ಅದನ್ನು ನಡೆಯಿಸುವವನ ಕೈಮೀರುವದು. ಬೇಕಾದದ್ದು ಬೇಸಗೆಯ ಬಿಸಿಲೂ ಹದವಾದ ತುಂಬು ನೀರೂ. ಈ ಎರಡೂ ನಿಸರ್ಗದಲ್ಲಿ ಕೂಡಿ ಬರುವದಿಲ್ಲ. ಸೂಪಾದ ಅಣೆಕಟ್ಟು ಅವೆರಡನ್ನೂ ಕೂಡಿಸಿತು. ಯಂತ್ರಗಳನ್ನು ತಿರುಗಿಸಿ ಹೊರಬಿದ್ದ ನೀರು ಗಣೇಶಗುಡಿಯಿಂದ ಕೆಳಕ್ಕೆ ಕಾಡಿನ ನಡುವೆ ಬಂಡೆಯಿಂದ ಬಂಡೆಗೆ ಹಾರುತ್ತ ಬರುವ ಸುಮಾರು ಒಂಬತ್ತು ಕಿಲೋಮೀಟರ ಹಾದಿಯೇ ಈ ವ್ಯಾಪಾರದ ಅಂಗಡಿ. ಹೊಳೆಯ ಒರಟುತನವನ್ನು ಅಳೆಯುವ ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಕಾಳಿಯ ಈ ಭಾಗವನ್ನು ಎರಡು, ಮೂರು ಎಂದು ಎಣಿಸುವರು. ಎಂದರೆ ಈಜು ಬಾರದವನೂ ಜಾಕೀಟು, ಶಿರಸ್ತ್ರಾಣ ತೊಟ್ಟು, ಹೇಳಿದ ಮಾತು ಕೇಳಿದರೆ ದಡ ಸೇರುವಂಥದು.

ಆದುದರಿಂದ ಇಲ್ಲಿಯ ಸಾಹಸಕ್ಕೆ ಯಜಮಾನನು ಹೊಳೆಯಲ್ಲ, ವಿದ್ಯುತ್ತು. ಬೆಂಗಳೂರಿನಲ್ಲಿ ಸಂಜೆ ಎಷ್ಟು ಪಂಖಗಳು ತಿರುಗುವವು ಎಂಬದರ ಮೇಲೆ ಸೂಪಾದ ಯಂತ್ರಗಳು ತಿರುಗುವದು ನಿಂತಿದೆ. ಯಂತ್ರ ತಿರುಗಿದರೆ ನೀರುಂಟು, ನೀರಿದ್ದರೆ ರಾಫ್ಟು ಉಂಟು. ಯಂತ್ರವು ವಿಶ್ರಾಂತಿ ತೆಗೆದುಕೊಂಡ ದಿನ ಇನ್ನೂರು ಮೈಲಿ ದೂರದಿಂದ ಬಂದವರು ಒದ್ದೆ ಬಂಡೆಗಳನ್ನು ನೋಡಿ ಹಿಂತಿರುಗುವರು. ಇಂಥ ಪರಾಧೀನವಾದ ವ್ಯಾಪಾರವನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಮಳೆಯನ್ನು ನಂಬಿದ ಒಕ್ಕಲಿಗನು ಆಕಾಶವನ್ನು ನೋಡುವಂತೆ ಇವರು ಅಣೆಯ ಬುಡವನ್ನು ನೋಡುತ್ತ ಕೂಡುವರು.

ಈ ವ್ಯಾಪಾರಕ್ಕೆ ನಮ್ಮ ರಾಜ್ಯದಲ್ಲಿ ಮೊದಲು ಕೈ ಹಾಕಿದ್ದು ಸರಕಾರವೇ. ನೇಪಾಳದ ಕಾಡಿನಲ್ಲಿ ಅತಿಥಿಗೃಹ ನಡೆಯಿಸಿ ಹೆಸರಾಗಿದ್ದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಪಾಲುಗೂಡಿ 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆಯನ್ನು ಕಟ್ಟಿ, ಕಬಿನಿಯ ದಂಡೆಯಲ್ಲಿ ಮೊದಲ ವಸತಿಯನ್ನು ತೆರೆಯಲಾಯಿತು. 1987ರಲ್ಲಿ ಅದು ಪೂರ್ಣವಾಗಿ ಸರಕಾರದ್ದಾಯಿತು. ಮುಂದೆ ಅದೇ ಸಂಸ್ಥೆಯು ದಾಂಡೇಲಿಯಲ್ಲಿ ಕಾಳಿಯ ದಂಡೆಗೆ ಬಂದಿತು. ಗಣೇಶಗುಡಿಯಲ್ಲಿ ಅವರದು ಮತ್ತೊಂದು ವಸತಿಯುಂಟು. ಅಣೆಕಟ್ಟು ಕಟ್ಟುವ ಕಾಲದಲ್ಲಿ ಬಂಡೆ ಸಿಡಿಸುವ ಮದ್ದನ್ನು ಕೂಡಿಡುತ್ತಿದ್ದ ಕಟ್ಟಡವದು. ಮದ್ದಿನಮನೆಯೆಂಬ ಹೆಸರನ್ನೇ ಇಂಗ್ಲೀಷಿನಲ್ಲಿ ಉಳಿಸಿಕೊಂಡಿರುವರು. ಸಿಡಿಮದ್ದು ಇದ್ದಲ್ಲಿ ಈಗ ಹಕ್ಕಿಗಳಿಗೆ ನೀರಿನ ತಟ್ಟೆಗಳಿವೆ. ದೂರದೂರದ ಪಕ್ಷಿಪ್ರಿಯರು ದೊಡ್ಡ ದೊಡ್ಡ ಕ್ಯಾಮರಾಗಳನ್ನು ಹೂಡಿ ಉಸಿರು ಬಿಗಿಹಿಡಿದು ಕುಳಿತಿರುವರು. ಅರಣ್ಯ ಇಲಾಖೆಯು ಕುಳಗಿಯಲ್ಲಿ ನಿಸರ್ಗ ಶಿಬಿರವನ್ನು ನಡೆಯಿಸುವದು. ಈ ಹಿರಿಯ ಮನೆಗಳ ಹಿಂದೆ ಹಿಂದೆಯೇ ಖಾಸಗಿ ರಿಸಾರ್ಟುಗಳೂ ಹೋಮ್‌ಸ್ಟೇಗಳೂ ಮಳೆಗಾಲದ ಅಣಬೆಯಂತೆ ಎದ್ದವು.

ಹಣ ಕೊಟ್ಟು ಗುಂಪಾಗಿ ಊರು ನೋಡುವ ಪದ್ಧತಿಯು ಹಳೆಯದೇನಲ್ಲ. 1841ರ ಜುಲೈ 5ರಂದು ಇಂಗ್ಲೆಂಡದ ಥಾಮಸ್ ಕುಕ್ ಎಂಬ ಬಡಗಿಯು ಸುಮಾರು ಐನೂರು ಜನರನ್ನು ತಲೆಗೊಂದು ಶಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಒಯ್ದನು. ಮದ್ಯಪಾನ ವಿರೋಧಿಗಳ ಸಭೆಗೆ ಹೋದ ಪ್ರಯಾಣವದು. ಆ ಉದ್ಯಮದ ಮೂಲಪುರುಷನು ಜನರನ್ನು ಹೆಂಡದಿಂದ ಬಿಡಿಸಲು ಗಾಡಿ ಹೂಡಿದನು. ಇಂದು ನಮ್ಮ ಹೊಳೆಯ ದಂಡೆಯಲ್ಲಿ ಸೋಮವಾರ ಮುಂಜಾನೆ ಆಯ್ದು ತೆಗೆಯುವ ಬಾಟಲಿಗಳನ್ನು ನೋಡಿದರೆ ಪಾಪ, ಏನೆನ್ನುತ್ತಿದ್ದನೋ! ಮುಂದೆ 1875ರಲ್ಲಿ ಅವನ ಮಂಡಳಿಯು ಯುರೋಪಿನ ಉತ್ತರದ ತುದಿಯಾದ ನಾರ್ತ್ ಕೇಪಿನವರೆಗೆ ಪ್ರವಾಸಿಗರನ್ನು ಮುಟ್ಟಿಸಿತು.

ಆ ಉತ್ತರದ ಮಾತು ಬಂದದ್ದರಿಂದ ಅತ್ತಲೇ ಇನ್ನೂ ಮುಂದೆ ನಮ್ಮದನ್ನು ಬಹುವಾಗಿ ಹೋಲುವ ಒಂದು ಊರಿನ ವಿಷಯವನ್ನು ಹೇಳುವೆನು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, 78ನೆಯ ಉತ್ತರ ಅಕ್ಷಾಂಶದಲ್ಲಿ, ಲಾಂಗ್‌ಯಿಯರ್‌ಬ್ಯೆನ್ ಎಂಬ ಊರಿದೆ. ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಅಲ್ಲಿ ಸೂರ್ಯನು ಹುಟ್ಟುವದೇ ಇಲ್ಲ. 1906ರಲ್ಲಿ ಅಮೇರಿಕದ ಲಾಂಗ್‌ಯಿಯರ್ ಎಂಬ ವ್ಯಾಪಾರಿಯು ಕಲ್ಲಿದ್ದಲಿಗಾಗಿ ಕಟ್ಟಿದ ಊರದು. ದಾಂಡೇಲಿಗೆ ಮರ ಹೇಗೋ ಅದಕ್ಕೆ ಇದ್ದಲು ಹಾಗೆ. ಗಣಿಗಳು ಒಂದೊಂದಾಗಿ ಬರಿದಾದವು, ಕೊನೆಯ ನಾರ್ವೆಯನ್ ಗಣಿಯೂ 2025ರಲ್ಲಿ ಮುಚ್ಚಿತು. ಈ ನಡುವೆ ಊರವರು ಹಿಮದ ಮೇಲೆ ನಾಯಿಗಳ ಬಂಡಿಯನ್ನು ಓಡಿಸುವದು, ಹಿಮನದಿಗಳನ್ನು ತೋರಿಸುವದು, ಚಿಕ್ಕ ದೋಣಿಗಳಲ್ಲಿ ಕಡಲ ತೀರವನ್ನು ಸುತ್ತಿಸುವದು ಎಂಬ ಕಸಬುಗಳನ್ನು ಕಟ್ಟಿಕೊಂಡರು. ಅಲ್ಲಿಗೆ ಸಮೀಪದ ನ್ಯೂ ಓಲೆಸುಂಡ್ ಎಂಬ ಮತ್ತೊಂದು ಗಣಿಯ ಊರು 1962ರ ದುರ್ಘಟನೆಯ ತರುವಾಯ ಗಣಿಗಾರಿಕೆಯನ್ನು ಬಿಟ್ಟು ಸಂಶೋಧಕರ ಊರಾಯಿತು. ನಮ್ಮ ದೇಶದ ಹಿಮಾದ್ರಿ ಎಂಬ ಕೇಂದ್ರವು 2008ರಿಂದ ಅಲ್ಲಿಯೇ ಇರುವದು.

ಅಲ್ಲಿಯ ಚಿಕ್ಕ ಉದ್ಯಮಿಯ ಕಷ್ಟವನ್ನು ನಮ್ಮವನು ಕೇಳಿದರೆ ತನ್ನದೇ ಎಂದುಕೊಳ್ಳುವನು. ಬಂಡಿಯ ನಾಯಿಗಳಿಗೆ ಜನ ಬಂದಾಗ ಮಾತ್ರ ಹಸಿವೆಯಾಗುವದಿಲ್ಲ. ಜನರಿಲ್ಲದ ಕತ್ತಲೆಯ ತಿಂಗಳುಗಳಲ್ಲಿಯೂ ಅವು ತಿನ್ನುವವು. ಜೋಯಿಡಾದಲ್ಲಿ ಜೂನದಿಂದ ಸಪ್ಟಂಬರದವರೆಗೆ ಹೊಳೆ ಕೆಂಪಾಗಿ ಉಕ್ಕುವದು, ರಾಫ್ಟುಗಳು ಗಾಳಿ ಬಿಟ್ಟುಕೊಂಡು ಮೂಲೆ ಸೇರುವವು. ಆದರೂ ಅಡಿಗೆಯವಳಿಗೂ ಹುಡುಗರಿಗೂ ಸಂಬಳ ಕೊಡಬೇಕು, ಬ್ಯಾಂಕಿನ ಕಂತು ಕಟ್ಟಬೇಕು, ಸೋರುವ ಹಂಚು ಸರಿಮಾಡಿಸಬೇಕು. ಅಲ್ಲಿ ಊರಿನ ಹೊರಗೆ ಹೋಗುವ ಮಾರ್ಗದರ್ಶಿಯು ಬಿಳಿ ಕರಡಿಯ ಭಯಕ್ಕಾಗಿ ಬಂದೂಕು ಹೊತ್ತಿರುವನು. ಇಲ್ಲಿಯವನಿಗೆ ಬಂದೂಕಿಲ್ಲ, ಆನೆಯ ಲದ್ದಿ ಹಸಿಯೋ ಒಣಗಿದ್ದೋ ಎಂದು ನೋಡಿ ತಿಳಿಯುವ ಕಣ್ಣು ಮಾತ್ರ. ಇನ್ನೊಂದು ಭೇದವುಂಟು. 2025ರ ಆರಂಭದಿಂದ ಅಲ್ಲಿಯ ಸರಕಾರವು ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರವಾಸಿಗರನ್ನು ಹೊತ್ತ ಹಡಗು ಬರಕೂಡದೆಂದೂ, ಕರಡಿಯಿಂದ 300 ಮೀಟರ, ಮಾರ್ಚದಿಂದ ಜೂನದವರೆಗೆ 500 ಮೀಟರ ದೂರವಿರಬೇಕೆಂದೂ ನಿಯಮ ಮಾಡಿತು. ಕರಡಿ ಇದ್ದರೆ ಊಟವೆಂಬದು ಅವರಿಗೆ ತಿಳಿದಿದೆ.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಅಣಶಿಯು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಅಣಶಿ ಮತ್ತು ದಾಂಡೇಲಿಗಳು ಕೂಡಿ ಹುಲಿ ರಕ್ಷಿತಾರಣ್ಯವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಮಂಗಟ್ಟೆ ಹಕ್ಕಿಗಳಿಗಾಗಿಯೇ 2011ರಲ್ಲಿ ಒಂದು ಸಂರಕ್ಷಣಾ ಪ್ರದೇಶವಾಯಿತು. 2012ರ ಜುಲೈದಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡುಗಳ ಒಡಲಿನಲ್ಲಿ ಪ್ರವಾಸವನ್ನು ನಿಲ್ಲಿಸಿ, ಅಕ್ಟೋಬರದಲ್ಲಿ ಹೊಸ ನಿಯಮಗಳೊಡನೆ ಬಿಟ್ಟಿತು. ಆ ಮೂರು ತಿಂಗಳು ದೊಡ್ಡ ರಿಸಾರ್ಟಿಗೆ ಒಂದು ಬಿಡುವು. ಜೀಪು ಸಾಲದಲ್ಲಿ ಕೊಂಡವನಿಗೆ ಮೂರು ಕಂತು. 2020ರ ಮಾರ್ಚದಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗಲೂ ಹೀಗೆಯೇ ಆಯಿತು. ಆಗ ಅನೇಕ ತರುಣರು ಮತ್ತೆ ಗದ್ದೆಗೆ ಇಳಿದರು. ಗದ್ದೆ ಇದ್ದವರು ಇಳಿದರು ಎಂದು ತಿದ್ದಿ ಬರೆಯಬೇಕು. ಮಾರಿದವರಿಗೆ ಇಳಿಯಲು ಗದ್ದೆಯಿರಲಿಲ್ಲ.

ಇದೇ ಈ ವಿಷಯದ ತಿರುಳೆಂದು ನನಗೆ ತೋರುವದು. ಈ ಕಾಡಿನ ಜನರೆಂದರೆ ಕುಣಬಿಗಳು, ಸಿದ್ದಿಗಳು, ಗೌಳಿಗಳು. ಕುಣಬಿಗಳು ಬೆಳೆಯುವ ಗೆಡ್ಡೆ ಗೆಣಸುಗಳ ಬಗೆಗಳನ್ನು ನೋಡಲು ಜೋಯಿಡಾದಲ್ಲಿ ನಡೆಯುವ ಮೇಳಕ್ಕೇ ಹೋಗಬೇಕು. ಆನೆಯ ಕಾಲಿನಷ್ಟು ದಪ್ಪವಾದ ಗೆಡ್ಡೆಗಳನ್ನು ಹೆಂಗಸರು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವರು. ಸಿದ್ದಿಗಳ ಪೂರ್ವಜರು ಆಫ್ರಿಕದಿಂದ, ಬಹುಮಟ್ಟಿಗೆ ಗೋವೆಯ ಪೋರ್ತುಗೀಜರ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡಿನಲ್ಲಿ ಸ್ವತಂತ್ರರಾದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಡಮಾಮಿಯು ಹಬ್ಬದ ಕುಣಿತ. ಈಗ ಅದು ಕೆಲವು ರಿಸಾರ್ಟುಗಳಲ್ಲಿ ಶನಿವಾರದ ರಾತ್ರಿ ಬೆಂಕಿಯ ಸುತ್ತ ನಡೆಯುವದು. ಕುಣಿದವರಿಗೆ ನಾಲ್ಕು ಕಾಸು ಸಿಗುವದನ್ನು ಬೇಡವೆನ್ನಲು ನಾನಾರು? ಆದರೆ ತಾಳ ಹಿಡಿದವರ ಕಣ್ಣು ಊಟ ಮಾಡುತ್ತಿದ್ದವರ ತಟ್ಟೆಗಳ ಮೇಲಿದ್ದದ್ದನ್ನು ಒಮ್ಮೆ ನಾನು ನೋಡಿದ್ದೇನೆ, ಮರೆತಿಲ್ಲ. ಬೇಟೆಯ ಚಿತ್ರದಲ್ಲಿ ಹಿಂದಿನ ಸಾಲು ಎಂದು ಮೇಲೆ ಬರೆದದ್ದು ಇದಕ್ಕಾಗಿ. ಭೂಮಿ ಮಾರಿ ಅದೇ ಭೂಮಿಯಲ್ಲಿ ಸಂಬಳಕ್ಕೆ ನಿಂತವನು ಕಾಡಿನ ಎಲ್ಲ ಗುಟ್ಟುಗಳನ್ನು ಬಲ್ಲವನಾದರೂ ಸಾಮಾನು ಹೊರುವವನಾಗಿಯೇ ಉಳಿಯುವನು. ನಾಲ್ಕು ಕೋಣೆಗಳ ಯಜಮಾನನಾದರೆ ಸಾಲದ ಭಯ ಅವನದು, ನಿಜ. ತಟ್ಟೆಗೆ ಮುಡ್ಲಿಯ ಗೆಡ್ಡೆಯನ್ನು ಬಡಿಸುವದೋ ಬೇರೆ ಊರಿನ ಪನೀರನ್ನು ಬಡಿಸುವದೋ ಎಂಬ ನಿರ್ಣಯವೂ ಅವನದು.

ಅಪಾಯದ ಮಾತನ್ನು ಮರೆಮಾಚಬಾರದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಕಾಳಿಯು ಕಡಲು ಸೇರುವ ಆ ನೀರಿನಲ್ಲಿ ಮಗುಚಿ ಎಷ್ಟೋ ಮನೆಗಳು ಹಾಳಾದವು. ಹತ್ತು ಜನರ ದೋಣಿಗೆ ಹದಿನೈದು ಜನ ಹತ್ತುವದು ನಮ್ಮ ಜನರ ಹಳೆಯ ರೂಢಿ. ರಾಫ್ಟಿನಲ್ಲಿ ಆರೋ ಎಂಟೋ ಜನ, ಹಿಂದೆ ಕುಳಿತ ಮಾರ್ಗದರ್ಶಿಯೊಬ್ಬ. ಇದಕ್ಕೆ ಮೀರಿ ಒಬ್ಬನನ್ನು ಕೂಡ್ರಿಸಿದರೂ ಲಾಭವು ಆ ಒಬ್ಬನದು, ನಷ್ಟವು ಎಲ್ಲರದು. ರಜೆಯ ದಿನ ಹತ್ತು ಜನರ ಒಂದು ಕುಟುಂಬ ಬಂದು “ನಾವೆಲ್ಲ ಒಂದೇ ತೆಪ್ಪದಲ್ಲಿ ಹೋಗುವೆವು, ಎರಡು ಪಟ್ಟು ಹಣ ಕೊಡುವೆವು” ಎಂದು ಹಟ ಹಿಡಿದರೆ ಏನು ಮಾಡುವೆಯೆಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆನು. ತರಗತಿಯಲ್ಲಿ ಗಣಿತದ ಪ್ರಶ್ನೆ ಕೇಳಿದಾಗಿನಂತೆಯೇ ನೆಲ ನೋಡುತ್ತ ನಿಂತನು. ಬಹಳ ಹೊತ್ತಿನ ಮೇಲೆ “ಚಹ ಕುಡಿಸಿ ಕಳಸ್ತೀನಿ” ಎಂದನು. ಆ ಉತ್ತರದಿಂದ ನನಗೆ ಧೈರ್ಯ ಬಂದಿತು.

ಮುಂದಿನ ವಾರ ಅವನ ಭೂಮಿಯನ್ನು ನೋಡಲು ಹೋದೆನು. ಅವನ ತಂದೆಯೂ ರಾಮನಗರದಿಂದ ಬಂದಿದ್ದನು. ನೀರು ಇಳಿದ ಕಾಲ. ಹಿನ್ನೀರಿನ ಅಂಚಿನಲ್ಲಿ ಕೆಂಪು ಮಣ್ಣಿನ ಪಟ್ಟಿಯೂ ಅದರಲ್ಲಿ ಎಂದೋ ಸತ್ತ ಮರಗಳ ಬುಡಗಳೂ ಕಾಣುತ್ತಿದ್ದವು. ಬಂದವರನ್ನು ಸಂಜೆಯ ಹೊತ್ತು ಈ ದಂಡೆಗೆ ಕರೆದು ತರುವ ಆಲೋಚನೆಯನ್ನು ಮಗನು ವಿವರಿಸುತ್ತಿರಲು ಮುದುಕನು ಬಹುಹೊತ್ತು ಸುಮ್ಮನಿದ್ದನು. ಕೊನೆಗೆ ನನ್ನ ಕಡೆಗೆ ತಿರುಗಿ, “ನಮ್ಮ ಮನೀ ಮ್ಯಾಲಿನ ನೀರು ನೋಡಾಕ ರೊಕ್ಕ ಕೊಟ್ಟು ಬರ್ತಾರೇನ್ರಿ, ಮಾಸ್ತರ?” ಎಂದು ಕೇಳಿದನು. ಸಿಟ್ಟಿನಿಂದ ಕೇಳಿದ್ದಲ್ಲ, ಲೆಕ್ಕ ತಿಳಿಯದವನು ಕೇಳುವಂತೆ ಕೇಳಿದನು. ಬರುವರೆಂದು ಹೇಳಿದೆನು. ಹಾಗಾದರೆ ಯಾರ ಮನೆ ಎಲ್ಲಿತ್ತೆಂದು ಅವರಿಗೆ ಹೇಳುವವರಾರು ಎಂದು ಮತ್ತೆ ಕೇಳಿದನು. ಮಗನಿಗೆ ಅದು ಗೊತ್ತಿರಲಿಲ್ಲ. ಮುದುಕನು ಕೋಲಿನಿಂದ ನೀರನ್ನು ತೋರಿಸುತ್ತ ಪೇಟೆಯ ಸಾಲು, ಗುಡಿ, ಶಾಲೆ, ಹೊಳೆ ದಾಟುವ ಹಾದಿ ಎಂದು ಒಂದೊಂದನ್ನೇ ಹೇಳತೊಡಗಿದನು, ಕತ್ತಲಾಗುವವರೆಗೆ ಹೇಳಿದನು. ಭೂಮಿ ಮಾರುವ ಮಾತು ಆ ದಿನ ಮತ್ತೆ ಬರಲಿಲ್ಲ. ಮುಂಗಡವನ್ನು ಹಿಡಿದು ಬಂದಿದ್ದ ಗೃಹಸ್ಥನಿಗೆ ಇಲ್ಲವೆಂದು ಹೇಳಿ ಕಳುಹಿದ ಸುದ್ದಿಯು ಹದಿನೈದು ದಿನಗಳ ಮೇಲೆ ಬಂದಿತು.

ಬೋರ್ಡಿಗೆ ನಾನು ಕಾಳೀಕುಟೀರ, ವನಶ್ರೀ, ಅತಿಥಿನಿಲಯ ಎಂದು ಮೂರು ನಾಲ್ಕು ಸಂಸ್ಕೃತದ ಹೆಸರುಗಳನ್ನು ಬರೆದುಕೊಂಡು ಹೋಗಿದ್ದೆನು. ಯಾವದೂ ಬೇಕಾಗಲಿಲ್ಲ. ಸಾಗವಾನಿಯ ಹಲಗೆಯ ಮೇಲೆ “ಸೂಪಾದವರ ಮನೆ” ಎಂದು ಬಿಳಿಯ ಬಣ್ಣದಲ್ಲಿ ಬರೆದುಕೊಟ್ಟೆನು. ಅಣೆಕಟ್ಟಿನ ಹೆಸರನ್ನು ಈಗ ಹಲವರು ಸುಪಾ ಎಂದು ಹ್ರಸ್ವವಾಗಿ ಬರೆಯುವರಲ್ಲ, ಹಾಗೆಯೇ ಇರಲೋ ಎಂದು ಮಗನು ಕೇಳಿದನು. ಮುದುಕನು ಬೇಡವೆಂದನು. ಓದು ಬಾರದವನಾದರೂ ಹಲಗೆಯ ಹತ್ತಿರ ಬಂದು, ದೀರ್ಘದ ಗೆರೆ ಯಾವದೆಂದು ನನ್ನಿಂದ ಕೇಳಿ ತಿಳಿದುಕೊಂಡು, ಬಣ್ಣ ಇನ್ನೂ ಹಸಿಯಾಗಿದ್ದುದರಿಂದ ಮುಟ್ಟದೆ, ಬೆರಳನ್ನು ಅದರ ಸಮೀಪದಲ್ಲಿ ಹಿಡಿದು ನೋಡಿದನು.